ವರ್ಷಗಟ್ಟಲೆ ನಿಂತ ಮಸ್ಟಾಂಗನ್ನು ಮತ್ತೆ ರಸ್ತೆಗಿಳಿಸುವುದು: ಸಮಗ್ರ ಮಾರ್ಗದರ್ಶಿ

ಗ್ಯಾರೇಜಿನ ಮೂಲೆಯಲ್ಲಿ ವರ್ಷಗಟ್ಟಲೆ ನಿಂತ ಅಮೆರಿಕನ್ ಮಸಲ್ ಕಾರು (ದೊಡ್ಡ ಎಂಜಿನ್ನಿನ, ಜೋರಾಗಿ ಓಡುವ ಕಾರು) ಕೈಗೆ ಬಂದ ದಿನ ಎಲ್ಲರಿಗೂ ಬರುವ ಆಸೆ ಒಂದೇ. ಹೊಸ ಬ್ಯಾಟರಿ ಹಾಕಬೇಕು, ಕೀ ತಿರುಗಿಸಬೇಕು, ಆ ಎಂಟು ಸಿಲಿಂಡರಿನ ವಿ8 ಎಂಜಿನ್ ಗುಡುಗುವುದನ್ನು ಕೇಳಬೇಕು. ಅದೊಂದನ್ನು ಮಾತ್ರ ಮಾಡಬೇಡಿ. ಒಳಗೆ ಸಿಲಿಂಡರ್ ಒಣಗಿರುತ್ತದೆ, ಒಂದೆರಡು ವಾಲ್ವ್ ಅಂಟಿಕೊಂಡಿರಬಹುದು, ಟ್ಯಾಂಕಿನ ತಳದಲ್ಲಿ ಕೆಟ್ಟ ಪೆಟ್ರೋಲ್ ಕೂತಿರುತ್ತದೆ. ಹತ್ತು ಸೆಕೆಂಡಿನ ಕುತೂಹಲಕ್ಕೆ ಇಡೀ ಎಂಜಿನ್ ಇಳಿಸುವ ಕೆಲಸ ಬಿದ್ದೀತು.

ಇದಕ್ಕೆ ಉಲ್ಟಾ ಇನ್ನೊಂದು ದಾರಿ ಇದೆ, ಅದೂ ಅಷ್ಟೇ ಕೆಟ್ಟದ್ದು. ಉತ್ಸಾಹದಲ್ಲಿ ಮೊದಲ ತಿಂಗಳೇ ಪೂರ್ತಿ ಕಾರು ಬಿಚ್ಚಿ ಹಾಕುವುದು. ಆಮೇಲೆ ಯಾವ ಬೋಲ್ಟ್ ಎಲ್ಲಿಯದು ಅಂತ ನೆನಪಿರುವುದಿಲ್ಲ, ದುಡ್ಡೂ ಮುಗಿದಿರುತ್ತದೆ. 'ಬಿಡಿಭಾಗಗಳೆಲ್ಲ ಡಬ್ಬದಲ್ಲಿವೆ' ಎಂದು ಮಾರಾಟಕ್ಕೆ ಬರುವ ಕಾರುಗಳ ಕತೆ ಬಹುತೇಕ ಇದೇ.

ಆದ್ದರಿಂದ ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ ಬರೆದ ಈ ಮಾರ್ಗದರ್ಶಿಯ ಕ್ರಮ ಬೇರೆ. ಮೊದಲು ಬ್ರೇಕ್ ಒತ್ತಿದರೆ ಕಾರು ನಿಲ್ಲುವಂತಾಗಬೇಕು, ಆಮೇಲೆ ಓಡಬೇಕು. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ, ಸರಿ ಮಾಡಿ, ಜೋಡಿಸಿ, ಮುಂದಿನದಕ್ಕೆ ಹೋಗಿ. ಪೇಂಟ್, ಕ್ರೋಮ್, ಹೊಸ ಸೀಟು ಎಲ್ಲ ಕೊನೆಗೆ. ಓಡುವ ಕಾರಿಗೆ ಪೇಂಟ್ ಮಾಡಿಸುವ ಹುಮ್ಮಸ್ಸು ತಾನಾಗಿ ಬರುತ್ತದೆ. ಪೇಂಟ್ ಆದ ಕಾರನ್ನು ಓಡಿಸುವ ಹುಮ್ಮಸ್ಸು ಎಲ್ಲರಿಗೂ ಉಳಿಯುವುದಿಲ್ಲ.

ಉದಾಹರಣೆಗೆ 1967ರ ಫೋರ್ಡ್ ಮಸ್ಟಾಂಗ್, 289 ಘನ ಇಂಚಿನ ವಿ8 ಇರುವುದನ್ನು ತೆಗೆದುಕೊಂಡಿದ್ದೇನೆ. ಆ ವರ್ಷದ ಮಾದರಿ 4,72,121 ಕಾರುಗಳು ತಯಾರಾದವು. ಹಾಗಾಗಿ ಸಿಗುವುದೂ ಸುಲಭ, ಬಿಡಿಭಾಗವೂ ಸುಲಭ. ಬಾಗಿಲಿನ ಸ್ಕ್ರೂನಿಂದ ಹಿಡಿದು ಇಡೀ ಬಾಡಿಯವರೆಗೆ ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ. ಮಸ್ಟಾಂಗ್ ಮಸಲ್ ಕಾರೇ ಅಲ್ಲ, 1964ರ ಪಾಂಟಿಯಾಕ್ ಜಿಟಿಒದಂಥವು ಮಾತ್ರ ಅಸಲಿ ಎಂದು ವಾದಿಸುವವರಿದ್ದಾರೆ. ಇರಲಿ ಬಿಡಿ. ನಿಮ್ಮದು ಜಿಟಿಒ ಆಗಿರಲಿ, ಶೆವೆಲ್ ಆಗಿರಲಿ, ಚಾರ್ಜರ್ ಆಗಿರಲಿ, ಕೆಳಗಿನ ಅಳತೆಗಳು ಬದಲಾಗುತ್ತವೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಕೊಳ್ಳುವ ಮೊದಲು: ನಂಬರ್, ತುಕ್ಕು, ಕಾಗದ

ಬಾನೆಟ್ ಎತ್ತಿ. ಡ್ರೈವರ್ ಕಡೆ, ಅಂದರೆ ಎಡಗಡೆಯ ಒಳ ಫೆಂಡರಿನ ಮೇಲಂಚಿನಲ್ಲಿ ಕಾರಿನ ವಿಐಎನ್, ಅಂದರೆ ಗುರುತಿನ ಸಂಖ್ಯೆ ಒತ್ತಿರುತ್ತದೆ. ಅದು 7ಆರ್01ಸಿ ಎಂದು ಶುರುವಾಗಿದೆ ಅಂದುಕೊಳ್ಳಿ. 7 ಅಂದರೆ 1967. ಆರ್ ಅಂದರೆ ಸ್ಯಾನ್ ಹೋಸೆ ಕಾರ್ಖಾನೆ. 01 ಅಂದರೆ ಹಾರ್ಡ್‌ಟಾಪ್ (ಮಾಮೂಲಿ ಗಟ್ಟಿ ಮಾಡು). 02 ಇದ್ದರೆ ಫಾಸ್ಟ್‌ಬ್ಯಾಕ್ (ಹಿಂದಕ್ಕೆ ಇಳಿಜಾರಾದ ಮಾಡು), 03 ಇದ್ದರೆ ಕನ್ವರ್ಟಿಬಲ್ (ಮಡಚುವ ಮಾಡು). ಸಿ ಅಂದರೆ ಎರಡು ಬ್ಯಾರೆಲ್ (ಗಾಳಿ ಎಳೆಯುವ ಕಂಠ) ಇರುವ ಕಾರ್ಬೊರೇಟರಿನ 289, 200 ಅಶ್ವಶಕ್ತಿ. ಎ ಅಂದರೆ ನಾಲ್ಕು ಬ್ಯಾರೆಲ್, 225. ಕೆ ಅಂದರೆ 271 ಅಶ್ವಶಕ್ತಿಯ ಹೈ ಪರ್ಫಾರ್ಮೆನ್ಸ್ ಎಂಜಿನ್. ಕೆ ಕಾರಿಗೆ ಬೆಲೆ ಜಾಸ್ತಿ, ಆದ್ದರಿಂದ ನಕಲಿಯೂ ಜಾಸ್ತಿ. ಬಾಗಿಲಿನ ಮೇಲಿನ ತಗಡಿನ ಪಟ್ಟಿಯನ್ನು ಬದಲಿಸುವುದು ಸುಲಭ, ಅದನ್ನಷ್ಟೇ ನೋಡಿ ನಂಬಬೇಡಿ.

ಆ ಸ್ಯಾನ್ ಹೋಸೆ ಕಾರ್ಖಾನೆ ನಿಜಕ್ಕೂ ಇದ್ದದ್ದು ಪಕ್ಕದ ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಮುಚ್ಚಿತು, 1994ರಲ್ಲಿ ಅದೇ ಕಟ್ಟಡ ಗ್ರೇಟ್ ಮಾಲ್ ಆಯಿತು. ಬೇ ಏರಿಯಾದ ಕನ್ನಡಿಗರು ಶನಿವಾರ ಬಟ್ಟೆ ಕೊಳ್ಳಲು ಓಡಾಡುವ ಅದೇ ನೆಲದ ಮೇಲೆ ಒಂದು ಕಾಲದಲ್ಲಿ ಮಸ್ಟಾಂಗ್‌ಗಳು ಸಾಲಾಗಿ ಹೊರಬರುತ್ತಿದ್ದವು.

ಚಕ್ರದ ನಟ್ ಎಣಿಸಿ. ವಿ8 ಕಾರಿಗೆ ಐದು ಇರಬೇಕು. ನಾಲ್ಕೇ ಇದ್ದರೆ ಅದು ಹುಟ್ಟಿನಿಂದ ಆರು ಸಿಲಿಂಡರಿನ ಕಾರು, ಯಾರೋ ಆಮೇಲೆ ವಿ8 ಕೂರಿಸಿದ್ದಾರೆ. ಬ್ರೇಕೂ ಚಿಕ್ಕದೇ ಉಳಿದಿರುತ್ತದೆ. ಅಂಥ ಕಾರಿಗೆ ಚೌಕಾಸಿ ಮಾಡಿ, ಅಥವಾ ಬಿಟ್ಟುಬಿಡಿ.

ಎಂಜಿನ್ ಕೆಟ್ಟಿದ್ದರೆ ಹೆದರಬೇಡಿ, ಹೆದರಬೇಕಾದದ್ದು ತುಕ್ಕಿಗೆ. ಈ ಕಾರಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ತಗಡು ತಿಂದುಹೋದರೆ ಕಾರಿನ ಬೆನ್ನೆಲುಬೇ ಹೋದ ಹಾಗೆ. ಮುಖ್ಯವಾಗಿ ನೋಡಬೇಕಾದ ಜಾಗ ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಕಿಂಡಿ. ಅದರೊಳಗೆ ಎಲೆ, ಮಣ್ಣು ಸೇರಿ ವರ್ಷಗಟ್ಟಲೆ ಒದ್ದೆಯಾಗಿರುತ್ತದೆ. ಮಾರುವವರ ಒಪ್ಪಿಗೆ ಕೇಳಿ ಒಂದು ಚೊಂಬು ನೀರು ಆ ಕಿಂಡಿಗೆ ಸುರಿಯಿರಿ, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ನೋಡಿ. ಕಾಲಿಡುವ ಜಾಗಕ್ಕೆ ನೀರು ತೊಟ್ಟಿಕ್ಕಿದರೆ ಒಳಗಿನ ತಗಡು ತೂತಾಗಿದೆ. ಅದನ್ನು ಸರಿ ಮಾಡಲು ಮುಂಭಾಗದ ವೆಲ್ಡ್‌ಗಳನ್ನೆಲ್ಲ ಬಿಡಿಸಬೇಕು, ಸಣ್ಣ ಕೆಲಸವಲ್ಲ.

ಆಮೇಲೆ ಬ್ಯಾಟರಿಯ ಕೆಳಗಿನ ತಗಡು. ಆಸಿಡ್ ಸೋರಿ ಅಲ್ಲಿಂದ ಕೆಳಗಿನ ಫ್ರೇಮ್ ರೈಲಿನವರೆಗೆ (ಬಾಡಿಗೇ ಬೆಸೆದಿರುವ ಉದ್ದ ತೊಲೆ) ತಿಂದಿರುತ್ತದೆ. ಮುಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಿಡಿದಿರುವ ಶಾಕ್ ಟವರುಗಳಲ್ಲಿ ಬಿರುಕು, ನೆಲದ ತಗಡು, ಡಿಕ್ಕಿಯ ಮೂಲೆಗಳು, ಬಾಗಿಲ ಕೆಳಗೆ ನೆಲ ಮತ್ತು ಫ್ರೇಮ್ ಸೇರುವ ಟಾರ್ಕ್ ಬಾಕ್ಸ್, ಇವನ್ನೂ ನೋಡಿ. ಒಂದು ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಸ್ಕ್ರೂಡ್ರೈವರ್ ಒಳಗೆ ಹೋದರೆ ತುಕ್ಕು, ಅಯಸ್ಕಾಂತ ಹಿಡಿಯದಿದ್ದರೆ ಪುಟ್ಟಿ. ಹೊಳೆಯುವ ಪೇಂಟಿನ ಕೆಳಗೆ ಎಷ್ಟು ಪುಟ್ಟಿ ಇದೆ ಅನ್ನುವುದು ಮಾರುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಕಾಗದದ ವಿಷಯ ಚುಟುಕಾಗಿ ಹೇಳುತ್ತೇನೆ, ಪ್ರತಿ ರಾಜ್ಯದ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಾದರೆ ಕಾರು ಓಡಿಸುತ್ತಿಲ್ಲ ಎಂದು ಡಿಎಂವಿಗೆ (ಅಲ್ಲಿನ ಆರ್‌ಟಿಒ) ತಿಳಿಸಿ ಪಿಎನ್‌ಒ ಮಾಡಿಸಿದ್ದಾರಾ ಕೇಳಿ. ಮಾಡಿಸದೆ ಸುಮ್ನೆ ನಿಲ್ಲಿಸಿದ್ದರೆ ಬಾಕಿ ಶುಲ್ಕ ನಿಮ್ಮ ತಲೆಗೆ ಬರಬಹುದು. ಟೈಟಲ್, ಅಂದರೆ ಮಾಲೀಕತ್ವದ ಕಾಗದದಲ್ಲಿರುವ ಸಂಖ್ಯೆಯೂ ಫೆಂಡರ್ ಮೇಲಿನದೂ ಒಂದೇ ಆಗಿರಬೇಕು. ಒಂದಂಕಿ ವ್ಯತ್ಯಾಸ ಇದ್ದರೂ ದುಡ್ಡು ಕೊಡಬೇಡಿ. ಒಂದು ಖುಷಿಯ ವಿಷಯ: 1975 ಮತ್ತು ಅದಕ್ಕೂ ಹಳೆಯ ಮಾದರಿಯ ಕಾರಿಗೆ ಅಲ್ಲಿ ಹೊಗೆ ತಪಾಸಣೆ ಇಲ್ಲ.

ಇಲಿಗೂಡು ಮತ್ತು ಸಲಕರಣೆ

ಕಾರು ಮನೆಗೆ ಬಂದ ಮೇಲೆ ಮೊದಲ ಕೆಲಸ ಸ್ವಚ್ಛತೆ. ಆದರೆ ಪೊರಕೆ ಹಿಡಿಯಬೇಡಿ. ಅಮೆರಿಕದ ಪಶ್ಚಿಮ ಭಾಗದಲ್ಲಿ ಕಾಡಿಲಿಯ ಹಿಕ್ಕೆ, ಮೂತ್ರದಿಂದ ಹಾಂಟಾವೈರಸ್ ಬರುತ್ತದೆ. ಒಣ ಧೂಳು ಗಾಳಿಗೆ ಎದ್ದು ಶ್ವಾಸಕೋಶಕ್ಕೆ ಹೋಗುವುದೇ ಅಪಾಯ. ಬಾಗಿಲು, ಡಿಕ್ಕಿ ಎಲ್ಲ ತೆರೆದು ಅರ್ಧ ಗಂಟೆ ಗಾಳಿಗೆ ಬಿಡಿ. ಕೈಗವಸು, ಮಾಸ್ಕ್ ಹಾಕಿ. ಬ್ಲೀಚ್ ಬೆರೆಸಿದ ನೀರು ಚೆನ್ನಾಗಿ ಚಿಮುಕಿಸಿ, ನೆನೆದ ಮೇಲೆ ಒರೆಸಿ ತೆಗೆಯಿರಿ. ಏರ್ ಕ್ಲೀನರ್, ಹೀಟರ್ ಡಬ್ಬ, ಸೈಲೆನ್ಸರ್ ಪೈಪಿನ ಬಾಯಿ, ಸೀಟಿನ ಸ್ಪ್ರಿಂಗ್ ನಡುವೆ, ಎಲ್ಲ ಕಡೆ ಗೂಡು ಇರುತ್ತದೆ. ಕಚ್ಚಿದ ವೈರ್ ಕಂಡಲ್ಲೆಲ್ಲ ಬಣ್ಣದ ಟೇಪ್ ಅಂಟಿಸಿ ಗುರುತು ಮಾಡಿ, ಮುಂದೆ ಬೇಕಾಗುತ್ತದೆ.

ಸಲಕರಣೆ ಬಗ್ಗೆ ಒಂದೇ ಮಾತು. ಊರಿಂದ ತಂದ ಮಿಲಿಮೀಟರ್ ಸ್ಪ್ಯಾನರ್ ಸೆಟ್ ಈ ಕಾರಿಗೆ ಕೂರುವುದಿಲ್ಲ. ಎಲ್ಲವೂ ಇಂಚು. 7/16, 1/2, 9/16, 5/8, 3/4 ಇಷ್ಟರಲ್ಲಿ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಜೊತೆಗೆ ಟಾರ್ಕ್ ರೆಂಚ್, ಫೀಲರ್ ಗೇಜ್, ಟೈಮಿಂಗ್ ಲೈಟ್, ಕಂಪ್ರೆಷನ್ ಗೇಜ್, ಪೆಟ್ರೋಲ್ ಬೆಂಕಿಗೆ ತಕ್ಕ ಬೆಂಕಿ ಆರಿಸುವ ಸಿಲಿಂಡರ್, ನಾಲ್ಕು ಗಟ್ಟಿ ಜಾಕ್ ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದು ಬೇಡವೇ ಬೇಡ. 1967ರ ಫೋರ್ಡ್ ಶಾಪ್ ಮ್ಯಾನುವಲ್ ಮರುಮುದ್ರಣ ಸಿಗುತ್ತದೆ, ಅದನ್ನು ಮೊದಲೇ ತರಿಸಿಕೊಳ್ಳಿ.

ಮೊದಲು ಬ್ರೇಕ್

ನಿಂತ ಕಾರಿನಲ್ಲಿ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಏನೂ ಕಾಣದು. ಪೆಡಲ್ ಗಟ್ಟಿಯಾಗೇ ಇದೆಯಲ್ಲ ಎಂದು ಸಮಾಧಾನ ಪಡಬೇಡಿ. ತುಕ್ಕಿಗೆ ಅಂಟಿಕೊಂಡ ಪಿಸ್ಟನ್ ಕೂಡ ಗಟ್ಟಿಯಾಗೇ ಇರುತ್ತದೆ.

ನನ್ನ ಸಲಹೆ: ರಬ್ಬರ್ ಇರುವುದನ್ನೆಲ್ಲ ಬದಲಿಸಿ. ಮಾಸ್ಟರ್ ಸಿಲಿಂಡರ್, ನಾಲ್ಕು ವೀಲ್ ಸಿಲಿಂಡರ್, ಮುಂದೆ ಎರಡು ಹಿಂದೆ ಒಂದು ಹೀಗೆ ಮೂರು ಹೋಸ್. ಹಳೆಯ ಹೋಸ್ ಒಳಗೇ ಊದಿಕೊಂಡಿರುತ್ತದೆ. ಒತ್ತಿದಾಗ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ, ಚಕ್ರ ಹಿಡಿದುಕೊಂಡೇ ಇರುತ್ತದೆ. ಸ್ಟೀಲ್ ಪೈಪುಗಳಲ್ಲಿ ತುಕ್ಕಿನ ಗುಳ್ಳೆ ಕಂಡರೆ ಅವನ್ನೂ ತೆಗೆಯಿರಿ. ಬಗ್ಗಿಸಿ ಸಿದ್ಧ ಮಾಡಿದ ಸೆಟ್ ಸಿಗುತ್ತದೆ. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

1967ರಲ್ಲಿ ಮಸ್ಟಾಂಗ್‌ಗೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಬಂತು. ಒಂದು ಕಡೆ ಸೋರಿದರೂ ಇನ್ನೊಂದು ಕಡೆಯ ಬ್ರೇಕ್ ಉಳಿಯುತ್ತದೆ. ನಿಮ್ಮದು 1965 ಅಥವಾ 1966ರ ಕಾರಾದರೆ ಒಂದೇ ಕೋಣೆ. ಅಂಥದ್ದಕ್ಕೆ ಎರಡು ಕೋಣೆಯದನ್ನು ಹಾಕಿಸಿಕೊಳ್ಳುವುದು ಕಾರಿನ ಅಸಲಿತನಕ್ಕೆ ಸ್ವಲ್ಪ ಕುಂದು ಇರಬಹುದು, ಆದರೂ ನಾನು ಹಾಕಿಸಿ ಎನ್ನುತ್ತೇನೆ.

ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಊದಿ ತೆಗೆಯಬೇಡಿ. ಹಳೆಯ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಬ್ರೇಕ್ ಕ್ಲೀನರ್ ಸುರಿದು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಕಟ್ಟಿ ಎಸೆಯಿರಿ. ವಿ8 ಕಾರಿನ ಡ್ರಮ್ 10 ಇಂಚು. 10.060 ಇಂಚಿಗಿಂತ ಜಾಸ್ತಿ ಸವೆದಿದ್ದರೆ ಹೊಸದು ಬೇಕು. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ, ಇನ್ನೊಂದು ಕಡೆ ನೋಡಿಕೊಂಡು ಜೋಡಿಸಬಹುದು. ಸ್ಪ್ರಿಂಗ್‌ಗಳ ಜಾಗ ಫೋಟೋ ನೋಡಿದರೂ ಗೊಂದಲ ಮಾಡುತ್ತದೆ. ತಾನಾಗಿ ಅಡ್ಜಸ್ಟ್ ಆಗುವ ಸ್ಟಾರ್ ವೀಲ್ ಎಡಕ್ಕೂ ಬಲಕ್ಕೂ ಬೇರೆ ಬೇರೆ. ಅದಲುಬದಲಾದರೆ ಬ್ರೇಕ್ ಬಿಗಿಯಾಗುವ ಬದಲು ಸಡಿಲವಾಗುತ್ತಾ ಹೋಗುತ್ತದೆ.

ಹೊಸ ಮಾಸ್ಟರ್ ಸಿಲಿಂಡರ್ ಕೂರಿಸುವ ಮೊದಲು ಬೆಂಚ್ ಮೇಲೇ ಅದರ ಏರ್ ತೆಗೆಯಿರಿ. ಆಮೇಲೆ ಡಾಟ್ 3 ಬ್ರೇಕ್ ಆಯಿಲ್ ತುಂಬಿ, ದೂರದ ಚಕ್ರದಿಂದ ಏರ್ ತೆಗೆಯಲು ಶುರು: ಬಲ ಹಿಂದೆ, ಎಡ ಹಿಂದೆ, ಬಲ ಮುಂದೆ, ಎಡ ಮುಂದೆ. ಪೆಡಲ್ ಮೇಲೆ ಕೂರಲು ಒಬ್ಬರು ಬೇಕು. 'ಒತ್ತು', 'ಹಿಡ್ಕೊ', 'ಬಿಡು' ಈ ಮೂರೇ ಮಾತು ಸಾಕು. ಮುಗಿದ ಮೇಲೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದಿದ್ದರೆ ಅದನ್ನೂ ಈಗಲೇ ಬದಲಿಸಿ.

ಚಕ್ರ ಹೇಗೂ ಬಿಚ್ಚಿದೆ ಅಲ್ವಾ, ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ. ಬಾಲ್ ಜಾಯಿಂಟ್, ಟೈ ರಾಡ್ ಅಲ್ಲಾಡಿಸಿ ನೋಡಿ. ಟೈರ್ ಎಷ್ಟೇ ಹೊಸದಾಗಿ ಕಂಡರೂ ಪಕ್ಕದ ಡಾಟ್ ಗುರುತಿನ ಕೊನೆಯ ನಾಲ್ಕಂಕಿ ಓದಿ. 2314 ಅಂದರೆ 2014ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನ ಟೈರ್. ಅದರ ಮೇಲೆ ಕಾರನ್ನು ಅಂಗಳದಲ್ಲಿ ತಳ್ಳಬಹುದು, ಅಷ್ಟೇ.

ಪೆಟ್ರೋಲ್ ದಾರಿ

ಕೆಟ್ಟ ಪೆಟ್ರೋಲಿನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ, ವಾರ್ನಿಷ್ ಥರ. ಅದರ ಒಂದು ತೊಟ್ಟೂ ಎಂಜಿನ್‌ಗೆ ಹೋಗಬಾರದು. ಈ ಕಾರಿನಲ್ಲಿ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಸುತ್ತ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ, ಮೊದಲು ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿ ತೆಗೆದಿಡಿ. ಸುಮಾರು 60 ಲೀಟರಿನ ಟ್ಯಾಂಕು. ಒಳಗೆ ತುಕ್ಕು ಇದ್ದರೆ ತೊಳೆಯುವ, ಒಳಗೆ ಲೇಪನ ಹಚ್ಚುವ ಉಪಾಯಗಳಿವೆ. ಆ ಲೇಪನ ಕೆಲವು ವರ್ಷದಲ್ಲಿ ಸಿಪ್ಪೆ ಎದ್ದು ಕಾರ್ಬೊರೇಟರಿಗೆ ಬರುವುದೂ ಇದೆ. ಹೊಸ ಟ್ಯಾಂಕ್ ದುಬಾರಿಯಲ್ಲ, ಹೊಸದನ್ನೇ ಹಾಕಿ. ಜೊತೆಗೆ ಅಳತೆ ತೋರಿಸುವ ಸೆಂಡಿಂಗ್ ಯೂನಿಟ್, ಅದರ ತುದಿಯ ಜಾಲರಿ.

ಅಮೆರಿಕದ ಬಂಕಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರಷ್ಟು ಎಥನಾಲ್ ಇರುತ್ತದೆ. 1967ರ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ, ಮೆತ್ತಗಾಗಿ ಬಿರಿಯುತ್ತದೆ. ರಬ್ಬರ್ ಹೋಸ್ ಇರುವಲ್ಲೆಲ್ಲ ಜೆ30ಆರ್9 ಎಂದು ಬರೆದಿರುವ ಹೋಸ್ ಹಾಕಿ. (ನಮ್ಮೂರಲ್ಲಿ ಈಗ ನೂರಕ್ಕೆ 20ರಷ್ಟು ಎಥನಾಲ್ ಬಂದಿದೆ. ಹಳೆಯ ಫಿಯಟ್, ಅಂಬಾಸಡರ್ ಇಟ್ಟುಕೊಂಡವರೂ ಇದನ್ನು ಗಮನಿಸಬೇಕು.)

ಪೆಟ್ರೋಲ್ ಪಂಪ್ ಎಂಜಿನ್ ಮುಂದೆ ಎಡಗಡೆ ಇದೆ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನಿಂದಲೇ ಓಡುತ್ತದೆ. ಒಳಗಿನ ಡಯಾಫ್ರಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಪಂಪ್, ಆಯಿಲ್ ಎರಡೂ ಹೊಸದಾಗಬೇಕು.

ಆಟೋಲೈಟ್ 2100 ಕಾರ್ಬೊರೇಟರ್ ಸರಳ, ಗಟ್ಟಿ. ಅಡುಗೆಮನೆ ಮೇಜಿನ ಮೇಲೆ ಒಂದು ಸಂಜೆಯ ಕೆಲಸ, ಮನೆಯವರು ಒಪ್ಪಿದರೆ. ಬಿಚ್ಚುವ ಮುನ್ನ ಫೋಟೋ ತೆಗೆಯಿರಿ. ಜೆಟ್‌ಗಳನ್ನು ತಂತಿ ಹಾಕಿ ಚುಚ್ಚಬೇಡಿ, ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ರಿಪೇರಿ ಕಿಟ್‌ನಲ್ಲಿ ಬರುವ ನೀಡಲ್, ಅದರ ಸೀಟು, ಪವರ್ ವಾಲ್ವ್, ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ ಎಲ್ಲ ಬದಲಿಸಿ.

ಎಂಜಿನ್ ಮೊದಲು ಕೈಯಲ್ಲಿ ತಿರುಗಲಿ

ಈಗ ಎಲ್ಲರೂ ಕಾಯುತ್ತಿದ್ದ ಭಾಗ. ಆತುರ ಬೇಡ, ಸ್ಟಾರ್ಟರಿಗೆ ಇನ್ನೂ ಕೆಲಸ ಬಂದಿಲ್ಲ.

ಡಿಪ್‌ಸ್ಟಿಕ್ ನೋಡಿ. ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ, ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ. ಇಲ್ಲವಾದರೆ ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿ. ಫಿಲ್ಟರ್ ಸೇರಿ ಸುಮಾರು 4.7 ಲೀಟರ್ ಹಿಡಿಯುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಈ ಎಂಜಿನ್ನಿನ ಕ್ಯಾಮ್ ಮೇಲೆ ಟ್ಯಾಪೆಟ್ ನೇರವಾಗಿ ಉಜ್ಜುತ್ತದೆ, ನಡುವೆ ರೋಲರ್ ಇಲ್ಲ. ಆ ಉಜ್ಜಾಟ ತಡೆಯಲು ಆಯಿಲ್‌ನಲ್ಲಿ ಜಿಂಕ್ ಬೇಕು. ಇವತ್ತಿನ ಕಾರುಗಳ ಆಯಿಲ್‌ನಲ್ಲಿ ಅದು ಕಡಿಮೆ. ಹಳೆಯ ಕಾರುಗಳಿಗೆಂದೇ ಜಿಂಕ್ ಸೇರಿಸಿದ 10ಡಬ್ಲ್ಯೂ-30 ಸಿಗುತ್ತದೆ, ಅದನ್ನೇ ಹಾಕಿ.

ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಯಾವುದು ಯಾವ ಸಿಲಿಂಡರಿನದು ಎಂದು ಸಾಲಾಗಿ ಇಡಿ, ಅವುಗಳ ಬಣ್ಣವೇ ಅರ್ಧ ಕತೆ ಹೇಳುತ್ತದೆ. ಪ್ರತಿ ತೂತಿಗೆ ಎರಡು ಚಮಚ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಮತ್ತು ಅಸಿಟೋನ್ ಸಮಸಮ ಬೆರೆಸಿ ಬಿಡಿ. ಅಸಿಟೋನಿಗೆ ಬೆಂಕಿ ಬೇಗ ಹತ್ತುತ್ತದೆ, ಗಾಳಿಯಾಡುವ ಕಡೆ ಮಾಡಿ. ಒಂದು ವಾರ ಹಾಗೇ ಇರಲಿ.

ಈಗ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ತುದಿಯ ಬೋಲ್ಟಿಗೆ 15/16 ಇಂಚಿನ ಸಾಕೆಟ್, ಉದ್ದ ಹಿಡಿ. ಮುಂದೆ ನಿಂತು ನೋಡುವಾಗ ಗಡಿಯಾರದ ದಿಕ್ಕಿಗೆ ನಿಧಾನ ಒತ್ತಿ. ಅಲುಗಿದರೆ ಸರಿ. ಅಲುಗದಿದ್ದರೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಜಗ್ಗಿ, ಮತ್ತೆ ಆಯಿಲ್ ಬಿಡಿ, ಮತ್ತೊಂದು ವಾರ ಕಾಯಿರಿ. ಸ್ಟಾರ್ಟರ್ ಹಾಕಿ ಬಿಡಿಸುವುದು, ಗೇರ್ ಹಾಕಿ ತಳ್ಳುವುದು, ಹಿಡಿಗೆ ಪೈಪ್ ತೂರಿಸಿ ಇಬ್ಬರು ನೇತಾಡುವುದು ಇವೆಲ್ಲ ಪಿಸ್ಟನ್ ರಿಂಗ್ ಮುರಿಯುವ ದಾರಿಗಳು. ತಿಂಗಳಾದರೂ ಬಿಡದಿದ್ದರೆ ಎಂಜಿನ್ ಬಿಚ್ಚಲೇಬೇಕು, ಒಪ್ಪಿಕೊಳ್ಳಿ.

ತಿರುಗಿತು ಅಂದುಕೊಳ್ಳೋಣ. ಇನ್ನೂ ಖುಷಿಪಡಬೇಡಿ. ಎರಡೂ ವಾಲ್ವ್ ಕವರ್ ತೆಗೆದು, ಒಬ್ಬರು ಕ್ರ್ಯಾಂಕ್ ತಿರುಗಿಸುತ್ತಿರುವಾಗ ಇನ್ನೊಬ್ಬರು ವಾಲ್ವ್ ಒತ್ತುವ ತೋಳುಗಳಾದ ಹದಿನಾರು ರಾಕರ್‌ಗಳನ್ನೂ ನೋಡಿ. ಪ್ರತಿಯೊಂದೂ ಇಳಿಯಬೇಕು, ಅಷ್ಟೇ ಸಲೀಸಾಗಿ ಏಳಬೇಕು. ಒಂದು ವಾಲ್ವ್ ಕೆಳಗಿಳಿದು ಅಲ್ಲೇ ಕೂತರೆ ಅದರ ರಾಕರ್ ಸಡಿಲವಾಗಿ ಅಲ್ಲಾಡುತ್ತದೆ. ಇನ್ನೊಂದು ಇಳಿಯಲೇ ಒಪ್ಪದಿದ್ದರೆ ರಾಕರನ್ನು ತಳ್ಳುವ ಪುಶ್ ರಾಡ್ ಬಾಗುತ್ತದೆ. ಕೈಯಲ್ಲಿ ತಿರುಗಿಸುವಾಗ ಕಂಡರೆ ತುಕ್ಕು ಬಿಡಿಸುವ ಆಯಿಲ್ ಹಾಕಿ, ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸರಿ ಮಾಡಬಹುದು. ಕೀ ತಿರುಗಿಸಿ ಸ್ಟಾರ್ಟ್ ಮಾಡಿದಾಗ ಗೊತ್ತಾದರೆ ಅಷ್ಟರಲ್ಲಿ ಪುಶ್ ರಾಡ್ ಹೋಗಿರುತ್ತದೆ. ಈ ಅರ್ಧ ಗಂಟೆಯ ತಪಾಸಣೆಯನ್ನೇ ಜನ ಬಿಡುವುದು.

ಮುಂದಿನದು ಟೈಮಿಂಗ್ ಚೈನ್. ಆ ಕಾಲದ ಎಂಜಿನ್‌ಗಳಲ್ಲಿ ಸದ್ದು ಕಡಿಮೆಯಾಗಲಿ ಎಂದು ಕ್ಯಾಮ್ ಗೇರಿನ ಹಲ್ಲಿಗೆ ನೈಲಾನ್ ಹಾಕುತ್ತಿದ್ದರು. ವಯಸ್ಸಾದ ಮೇಲೆ ನೈಲಾನ್ ಪುಡಿಯಾಗಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪಿಗೆ ಬಿದ್ದು ಪಂಪಿನ ಜಾಲರಿಗೆ ಅಡ್ಡ ಕೂರುತ್ತದೆ. ಪರೀಕ್ಷೆ ಸುಲಭ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ, ಒಳಗೆ ತಿರುಗುವ ತುಂಡೇ ರೋಟರ್. ಕ್ರ್ಯಾಂಕನ್ನು ಒಂದು ಕಡೆಗೆ ತಿರುಗಿಸಿ, ರೋಟರ್ ಅಲುಗಿದ ಕೂಡಲೇ ನಿಲ್ಲಿಸಿ ಕ್ರ್ಯಾಂಕ್ ಪುಲ್ಲಿಯ ಡಿಗ್ರಿ ಓದಿ. ಈಗ ಉಲ್ಟಾ ತಿರುಗಿಸಿ, ರೋಟರ್ ಅಲುಗುವವರೆಗೆ ಎಷ್ಟು ಡಿಗ್ರಿ ಹೋಯಿತು ನೋಡಿ. ಹತ್ತರ ಆಸುಪಾಸು ಅಥವಾ ಜಾಸ್ತಿ ಇದ್ದರೆ ಚೈನ್ ಸಡಿಲ. ಚೈನ್, ಗೇರ್ ಸೆಟ್ ಬದಲಿಸಿ, ಸಂಪ್ ಇಳಿಸಿ ಜಾಲರಿ ಶುಚಿ ಮಾಡಿ.

ಇನ್ನು ಆಯಿಲ್ ಒತ್ತಡ. ವರ್ಷಗಟ್ಟಲೆ ನಿಂತ ಎಂಜಿನ್ನಿನ ಬೇರಿಂಗ್ ಒಣಗಿರುತ್ತದೆ. ಡಿಸ್ಟ್ರಿಬ್ಯೂಟರ್ ಮತ್ತು ರೋಟರ್ ಎಲ್ಲಿಗೆ ಮುಖ ಮಾಡಿವೆ ಎಂದು ಗುರುತು ಹಾಕಿ ಡಿಸ್ಟ್ರಿಬ್ಯೂಟರ್ ಮೇಲೆತ್ತಿ. ನಿಧಾನ! ಆಯಿಲ್ ಪಂಪಿನ ಷಟ್ಕೋನ ಶಾಫ್ಟ್ ಅದಕ್ಕೆ ಅಂಟಿಕೊಂಡು ಮೇಲೆ ಬಂದು ಎಂಜಿನ್ ಒಳಗೆ ಬಿದ್ದರೆ ಸಂಪ್ ಇಳಿಸದೆ ಬೇರೆ ದಾರಿಯಿಲ್ಲ. ಆ ಶಾಫ್ಟಿಗೆ ಹೊಂದುವ ಸಾಕೆಟ್ಟನ್ನು ಡ್ರಿಲ್ ಮೆಶಿನ್ನಿಗೆ ಸಿಕ್ಕಿಸಿ, ಸಾಕೆಟ್ ಕಳಚಿ ಬೀಳದ ಹಾಗೆ ಟೇಪ್ ಸುತ್ತಿ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಮೊದಲು ಡ್ರಿಲ್ ಹಗುರವಾಗಿ ಓಡುತ್ತದೆ, ಆಮೇಲೆ ಒಮ್ಮೆಲೇ ಭಾರವಾಗುತ್ತದೆ. ಒತ್ತಡ ಬಂತು ಅಂತ ಅರ್ಥ. ನಡುನಡುವೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸುತ್ತಾ, ಎಲ್ಲ ರಾಕರ್‌ಗಳ ಮೇಲೂ ಆಯಿಲ್ ಜಿನುಗುವವರೆಗೆ ಮುಂದುವರಿಸಿ. ಕ್ರ್ಯಾಂಕನ್ನು ಎರಡೆರಡು ಪೂರ್ತಿ ಸುತ್ತಿನ ಲೆಕ್ಕದಲ್ಲೇ ತಿರುಗಿಸಿ ಮೊದಲಿದ್ದ ಜಾಗಕ್ಕೆ ತಂದು, ಡಿಸ್ಟ್ರಿಬ್ಯೂಟರನ್ನು ಹಾಕಿದ ಗುರುತಿಗೆ ಸರಿಯಾಗಿ ವಾಪಸ್ ಕೂರಿಸಿ.

ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ 1996ರಿಂದ ನಿಷೇಧ. ಹಳೆಯ ವಾಲ್ವ್ ಸೀಟಿಗೆ ಸೀಸವೇ ರಕ್ಷಣೆ ಆಗಿತ್ತು ಎಂದು ಹೇಳಿ ಹೆಡ್ ಬಿಚ್ಚಿಸಲು ಅವಸರ ಮಾಡುವವರಿದ್ದಾರೆ. ಭಾನುವಾರ ಹಾಯಾಗಿ ಓಡಿಸುವ ಕಾರಿಗೆ ಅಷ್ಟು ಅವಸರ ಬೇಕಿಲ್ಲ. ಬೇರೆ ಕಾರಣಕ್ಕೆ ಹೆಡ್ ಇಳಿಸಿದ ದಿನ ಗಟ್ಟಿ ಸೀಟು ಹಾಕಿಸಿದರಾಯಿತು.

ಕಿಡಿ

ಪಾಯಿಂಟ್, ಕಂಡೆನ್ಸರ್ ಇರುವ ಡಿಸ್ಟ್ರಿಬ್ಯೂಟರ್. ಅಪ್ಪನ ಅಂಬಾಸಡರಿನಲ್ಲಿ ಮೆಕ್ಯಾನಿಕ್ 'ಡೆಲ್ಕೊ' ತೆಗೆದು ಪಾಯಿಂಟ್ ಉಜ್ಜಿದ್ದು ನೋಡಿದವರಿಗೆ ಇದು ಹೊಸದಲ್ಲ. ನಿಂತ ಕಾರಿನಲ್ಲಿ ಪಾಯಿಂಟ್ ಮೇಲೆ ತೆಳುವಾದ ಪದರ ಕಟ್ಟಿ ಕರೆಂಟ್ ಹರಿಯುವುದಿಲ್ಲ. ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ಹಾಕಿ, ಅಂತರ 0.017 ಇಂಚಿಗೆ ಇಡಿ. ಪಾಯಿಂಟ್ ಎಷ್ಟು ಡಿಗ್ರಿ ಮುಚ್ಚಿರುತ್ತದೆ ಎಂದು ತೋರಿಸುವ ಡ್ವೆಲ್ ಮೀಟರ್ ಇದ್ದರೆ 26ರಿಂದ 31 ಡಿಗ್ರಿ. ಪ್ಲಗ್ ಅಂತರ 0.034 ಇಂಚು.

ಫೈರಿಂಗ್ ಆರ್ಡರ್ 1-5-4-2-6-3-7-8. ಬಲಗಡೆ ಮುಂದಿನಿಂದ ಹಿಂದಕ್ಕೆ 1, 2, 3, 4. ಎಡಗಡೆ 5, 6, 7, 8. ರೋಟರ್ ತಿರುಗುವುದು ಗಡಿಯಾರದ ವಿರುದ್ಧ ದಿಕ್ಕಿಗೆ. ವೈರ್ ಜೋಡಿಸಿದ ಮೇಲೆ ಬೆರಳಿಟ್ಟು ಇನ್ನೊಮ್ಮೆ ಎಣಿಸಿ. ಕಾಯಿಲ್‌ಗೆ ಬರುವ ಗುಲಾಬಿ ಬಣ್ಣದ ವೈರ್ ಸಾಮಾನ್ಯ ವೈರ್ ಅಲ್ಲ, ವೋಲ್ಟೇಜ್ ಇಳಿಸುವ ರೆಸಿಸ್ಟೆನ್ಸ್ ವೈರ್. ಹಳೆಯದಾಗಿದೆ ಅಂತ ಅದನ್ನು ತೆಗೆದು ಮಾಮೂಲಿ ವೈರ್ ಹಾಕಿದರೆ ಪಾಯಿಂಟ್ ಬೇಗ ಸುಟ್ಟುಹೋಗುತ್ತದೆ.

ನೀರು, ವೈರಿಂಗ್

ರೇಡಿಯೇಟರ್ ತೊಳೆಯಿರಿ, ಎಲ್ಲ ಹೋಸ್, ಬೆಲ್ಟ್, ಥರ್ಮೋಸ್ಟಾಟ್ ಬದಲಿಸಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ನೀರಿನ ಕಲೆ ಇದ್ದರೆ ಪಂಪ್ ಹೋಗಿದೆ. ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ಗಳಲ್ಲಿ (ದುಂಡನೆಯ ತಗಡಿನ ಬಿರಡೆ) ತುಕ್ಕಿನ ಗೆರೆ ಹುಡುಕಿ. ಕೂಲೆಂಟ್ ಅರ್ಧ, ನೀರು ಅರ್ಧ. ಚೆಲ್ಲಿದ ಕೂಲೆಂಟನ್ನು ತಕ್ಷಣ ಒರೆಸಿ. ಸಿಹಿ ಇರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ, ಅದು ವಿಷ.

ವೈರಿಂಗ್‌ನಲ್ಲಿ ಎಲ್ಲಕ್ಕಿಂತ ಮೊದಲು ಅರ್ಥಿಂಗ್. ಎಂಜಿನ್ನಿಂದ ಬಾಡಿಗೆ ಹೋಗುವ ಪಟ್ಟಿ ತುಕ್ಕು ಹಿಡಿದಿದ್ದರೆ ಒಂದೊಂದು ಲೈಟ್ ಒಂದೊಂದು ಥರ ಆಡುತ್ತದೆ, ನೀವು ಸ್ವಿಚ್ ಬದಲಿಸುತ್ತಾ ಕೂರುತ್ತೀರಿ. ಇಲಿ ಕಡಿದ ಜಾಗಗಳನ್ನು ಬೆಸುಗೆ ಹಾಕಿ ಸರಿ ಮಾಡಿ. ಮೊದಲ ಸಲ ಬ್ಯಾಟರಿ ಜೋಡಿಸುವಾಗ ನಡುವೆ ಫ್ಯೂಸ್ ಇರುವ ವೈರ್ ಹಾಕಿ ನೋಡಿ. ಸ್ಟಾರ್ಟರ್ ಮುಟ್ಟದೆ ಲೈಟ್‌ಗಳನ್ನು ಒಂದೊಂದಾಗಿ ಹಚ್ಚಿ. ಫ್ಯೂಸ್ ಹಾರಿದರೆ ಎಲ್ಲೋ ಶಾರ್ಟ್ ಇದೆ, ಡ್ಯಾಶ್ ಕೆಳಗೆ ಹೊಗೆ ಏಳುವ ಮೊದಲೇ ಗೊತ್ತಾಯಿತಲ್ಲ.

ಮೊದಲ ಸ್ಟಾರ್ಟ್

ಕಾರು ಗ್ಯಾರೇಜಿನ ಹೊರಗಿರಲಿ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲಿರಲಿ. ಆಟೊಮ್ಯಾಟಿಕ್ ಆದರೆ ಸಿ4 ಟ್ರಾನ್ಸ್‌ಮಿಷನ್‌ಗೆ ಟೈಪ್ ಎಫ್ ಆಯಿಲ್ ಇದೆಯಾ ನೋಡಿ, ಗೇರ್ ಪಾರ್ಕ್‌ನಲ್ಲಿ. ಮ್ಯಾನುವಲ್ ಆದರೆ ಕ್ಲಚ್ ಅಂಟಿಕೊಂಡಿರಬಹುದು, ನ್ಯೂಟ್ರಲ್‌ನಲ್ಲಿಯೇ ಶುರು ಮಾಡಿ. ಚಕ್ರಕ್ಕೆ ಅಡ್ಡ ಕಲ್ಲು.

ಕಾಯಿಲ್ ವೈರ್ ತೆಗೆದು, ಪ್ಲಗ್ ಹಾಕದೆಯೇ ಸ್ಟಾರ್ಟರ್ ತಿರುಗಿಸಿ. ಆಯಿಲ್ ಗೇಜ್ ಏಳಬೇಕು. ಇದೇ ಹೊತ್ತಿಗೆ ಕಂಪ್ರೆಷನ್ ಅಳೆಯಿರಿ. ಎಂಟರಲ್ಲಿ ಅತಿ ಕಡಿಮೆಯದು ಅತಿ ಹೆಚ್ಚಿನದರ ನೂರಕ್ಕೆ 75ರಷ್ಟಾದರೂ ಇರಬೇಕು. ಒಂದು ಸಿಲಿಂಡರ್ ಹಿಂದೆ ಬಿದ್ದರೆ ಗಾಬರಿ ಬೇಡ, ಸ್ವಲ್ಪ ಓಡಿದ ಮೇಲೆ ರಿಂಗ್ ಬಿಡಿಸಿಕೊಳ್ಳುವುದುಂಟು.

ಪ್ಲಗ್, ಕಾಯಿಲ್ ವೈರ್ ಜೋಡಿಸಿ. ಕಾರ್ಬೊರೇಟರಿನ ಫ್ಲೋಟ್ ಕೋಣೆಗೆ ಗಾಳಿಕೊಳವೆಯ ಮೂಲಕ ಸ್ವಲ್ಪ ತಾಜಾ ಪೆಟ್ರೋಲ್ ತುಂಬಿ. ಬಾಟಲಿ ಹಿಡಿದು ಕಾರ್ಬೊರೇಟರ್ ಬಾಯಿಗೆ ಸುರಿಯುತ್ತಾ ಸ್ಟಾರ್ಟ್ ಮಾಡಬೇಡಿ. ಒಮ್ಮೆ ಬ್ಯಾಕ್‌ಫೈರ್ ಆದರೆ ಬಾಟಲಿಯೇ ಹೊತ್ತಿಕೊಳ್ಳುತ್ತದೆ. ಪೆಡಲ್ ಎರಡು ಸಲ ಒತ್ತಿ ಬಿಡಿ, ಕೀ ತಿರುಗಿಸಿ.

ಹತ್ತಿದ ಕೂಡಲೇ ಕಣ್ಣು ಆಯಿಲ್ ಗೇಜ್ ಮೇಲೆ. ಹತ್ತು ಸೆಕೆಂಡಿನಲ್ಲಿ ಒತ್ತಡ ಬರದಿದ್ದರೆ ಆಫ್ ಮಾಡಿ. ಮೊದಲು ದಟ್ಟ ಹೊಗೆ ಬರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿರಿ. ನೀವು ಸಿಲಿಂಡರಿಗೆ ಬಿಟ್ಟ ಆಯಿಲ್ ಉರಿಯುತ್ತಿರುವುದು, ಕೆಲವು ನಿಮಿಷದಲ್ಲಿ ತಿಳಿಯಾಗಬೇಕು. ನೀಲಿ ಹೊಗೆ ಉಳಿದರೆ ವಾಲ್ವ್ ಸೀಲ್ ಅಥವಾ ರಿಂಗ್. ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್. ಕಪ್ಪು ಹೊಗೆಯಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಫ್ಲೋಟ್ ನೋಡಿ. ಎಂಜಿನ್ ಬಿಸಿಯಾದ ಮೇಲೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಹೋಸ್ ತೆಗೆದು ತೂತು ಮುಚ್ಚಿ, ಟೈಮಿಂಗ್ ಲೈಟಿನಲ್ಲಿ ಕಿಡಿಯ ಟೈಮಿಂಗ್ ಹೊಂದಿಸಿ. ಸಾಮಾನ್ಯ 289ಕ್ಕೆ ಪಿಸ್ಟನ್ ತೀರಾ ಮೇಲೆ ಮುಟ್ಟುವುದಕ್ಕೆ 6 ಡಿಗ್ರಿ ಮುಂಚೆ. ಹೊಗೆ ನಿಯಂತ್ರಣದ ಥರ್ಮಾಕ್ಟರ್ ಪಂಪ್ ಇರುವ ಕಾರಾದರೆ ಮ್ಯಾನುವಲ್‌ನಲ್ಲಿರುವ ಬೇರೆ ಅಳತೆ ನೋಡಿ.

ರಸ್ತೆಗೆ

ಮೊದಲ ಓಟ ಅಂಗಳದಲ್ಲೇ: ಹತ್ತು ಅಡಿ ಮುಂದೆ, ಬ್ರೇಕ್, ಹತ್ತು ಅಡಿ ಹಿಂದೆ, ಬ್ರೇಕ್. ಹಿಂದೆ ಚಲಿಸುತ್ತಾ ಬ್ರೇಕ್ ಒತ್ತಿದಾಗಲೇ ಡ್ರಮ್‌ಗಳು ಅಡ್ಜಸ್ಟ್ ಆಗುವುದು, ಹಾಗಾಗಿ ಇದನ್ನು ಹಲವು ಸಲ ಮಾಡಿ. ನೋಂದಣಿ, ವಿಮೆ ಆಗದೆ ಗೇಟು ದಾಟಬೇಡಿ. ವಿಮೆ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಒಪ್ಪಿ ಬರೆದುಕೊಳ್ಳುವ ಪಾಲಿಸಿ ಕೇಳಿ. ಮಾಮೂಲಿ ಪಾಲಿಸಿಯಲ್ಲಿ ಇದು ಬರೀ ಹಳೆಯ ಕಾರು.

ಮನೆಯ ಸುತ್ತಲಿನ ಬೀದಿಗಳಲ್ಲೇ ಮೊದಲ ವಾರ ಓಡಿಸಿ. ಪ್ರತಿ ಸಲ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಳ್ಳುತ್ತಿದೆ. ಕೆಳಗೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಯಾವ ಬಣ್ಣದ ತೊಟ್ಟು ಎಲ್ಲಿ ಬಿದ್ದಿದೆ ನೋಡಬಹುದು: ಹಸಿರು ಕೂಲೆಂಟ್, ಕೆಂಪು ಟ್ರಾನ್ಸ್‌ಮಿಷನ್, ಕಂದು ಎಂಜಿನ್ ಆಯಿಲ್. ಚಕ್ರದ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ವೀಲ್ ಅಲೈನ್‌ಮೆಂಟ್ ಮಾಡಿಸಿ. ರೇಡಿಯಲ್ ಟೈರ್ ಹಾಕಿದ್ದರೆ 1967ರ ಅಳತೆ ಸರಿಹೊಂದುವುದಿಲ್ಲ, ಅಲೈನ್‌ಮೆಂಟ್ ಮಾಡುವವರಿಗೆ ಅದನ್ನು ಮೊದಲೇ ತಿಳಿಸಿ.

ಹಿಂದಿನ ಆಕ್ಸಲ್ ಆಯಿಲ್ ಮತ್ತು ಪ್ರೊಪೆಲ್ಲರ್ ಶಾಫ್ಟಿನ ಯು ಜಾಯಿಂಟ್ ಹೆದ್ದಾರಿಗೆ ಹೋಗುವ ಮುನ್ನ ನೋಡಿಕೊಳ್ಳಿ. ಸೊಂಟದ ಬೆಲ್ಟ್ ಮಾತ್ರ ಇದ್ದರೆ ಭುಜದ ಮೇಲೆ ಬರುವ ಬೆಲ್ಟ್ ಹಾಕಿಸಿ, ಅದಕ್ಕೂ ಕಿಟ್ ಇದೆ. ಐನೂರು ಮೈಲಿ ಆದ ಮೇಲೆ ಆಯಿಲ್, ಫಿಲ್ಟರ್ ಮತ್ತೆ ಬದಲಿಸಿ. ವರ್ಷಗಟ್ಟಲೆ ಕೂತಿದ್ದ ಕೆಸರೆಲ್ಲ ಈಗ ಕರಗಿ ಅದರಲ್ಲಿ ಬಂದಿರುತ್ತದೆ. ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಕಪ್ಪು ಕೆಸರಷ್ಟೇ ಇದ್ದರೆ ಪೇಂಟ್ ಅಂಗಡಿಗೆ ಫೋನ್ ಮಾಡಬಹುದು. ಲೋಹದ ಹೊಳೆಯುವ ಚೂರುಗಳಿದ್ದರೆ ಪೇಂಟಿನ ದುಡ್ಡನ್ನು ಬೇರಿಂಗ್‌ಗೆ ಎತ್ತಿಡಿ.